ಗೊಂಬೆ ಸತ್ತ ದಿನದ ಊಟ

ಕಳೆದ ವರ್ಷ ಮಳೆಗಾಲ ಹಿಡಿಯುವುದಕ್ಕೆ ಮುಂಚೆ ನಡೆದದ್ದು. ಹೊಳೆಗೆ ಪ್ರವಾಹ ಬಂದಾಗ ಸಿಕ್ಕಿಕೊಂಡವರನ್ನು ಕಾಪಾಡುವುದು ಹೇಗೆ, ಕೊಚ್ಚಿಹೋದವರನ್ನು ಹುಡುಕುವುದು ಹೇಗೆ ಎಂದು ನಮ್ಮ ಕಡೆಯ ಹಳ್ಳಿಗಳ ಹುಡುಗ ಹುಡುಗಿಯರಿಗೆ ತರಬೇತಿ ಇಟ್ಟಿದ್ದರು. ಎಲ್ಲರೂ ತಾವಾಗಿಯೇ ಹೆಸರು ಕೊಟ್ಟು ಬಂದ ಸ್ವಯಂಸೇವಕರು. ಮೊದಲ ಶಿಬಿರ ನಂಜನಗೂಡಿನಲ್ಲಿ, ಕಪಿಲೆ ದಂಡೆಯಲ್ಲಿ. ಎರಡನೆಯದು ತಿ. ನರಸೀಪುರದ ಕಡೆ, ಕಾವೇರಿ ದಂಡೆಯಲ್ಲಿ. ಎರಡಕ್ಕೂ ಅಡುಗೆ ನನ್ನದೇ.

ನಾನು ಹುಲ್ಲಹಳ್ಳಿಯವಳು. ಮದುವೆ, ನಾಮಕರಣ, ಗೃಹಪ್ರವೇಶಕ್ಕೆ ಅಡುಗೆ ಮಾಡಿಕೊಡುವುದು ನನ್ನ ಕಸುಬು. ನನ್ನ ಕೈರುಚಿಯನ್ನು ನಾನೇ ಹೊಗಳಿಕೊಳ್ಳಬಾರದು, ಆದರೆ ನಿಜ ಹೇಳುವುದಕ್ಕೆ ನಾಚಿಕೆ ಯಾಕೆ? ನನ್ನ ಹುರುಳಿಕಾಳಿನ ಸಾರು ಉಂಡವರು ಇನ್ನೊಂದು ಸೌಟು ಹಾಕಿಸಿಕೊಳ್ಳದೆ ಎದ್ದದ್ದನ್ನು ನಾನು ಕಂಡಿಲ್ಲ.

ಆದರೆ ನೀರಿಗೆ ಬಿದ್ದು ಎದ್ದು ಬಂದವರಿಗೆ ಅಡುಗೆ ಮಾಡುವುದೇ ಬೇರೆ. ಮದುವೆಗೆ ಬಂದವರು ಪಕ್ಕದ ಎಲೆಗೆ ಏನು ಬಿತ್ತು ಅಂತ ನೋಡಿಕೊಂಡು ಉಣ್ಣುತ್ತಾರೆ. ಈ ಮಕ್ಕಳು ತಲೆ ಎತ್ತುತ್ತಲೇ ಇರಲಿಲ್ಲ. ನಂಜನಗೂಡಿನಲ್ಲಿ ಮೊದಲ ದಿನ ಉಪ್ಪಿಟ್ಟು ಮಾಡಿದ್ದೆ. ಬಿಸಿಲು ಏರುವ ಮುಂಚೆಯೇ ನಾಲ್ಕಾರು ಜನ ಅಡುಗೆ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. "ಅಕ್ಕ, ಬೆಳಿಗ್ಗೆದು ಏನಾರ ಉಳ್ದೈತಾ?" ಅಂದರು. ಅವತ್ತೇ ತೀರ್ಮಾನ ಮಾಡಿದೆ, ಮಧ್ಯಾಹ್ನಕ್ಕೆ ಇನ್ನು ಮುದ್ದೆ ಇಲ್ಲದೆ ನಡೆಯುವುದಿಲ್ಲ ಅಂತ.

ತರಬೇತಿ ಕೊಡುತ್ತಿದ್ದವರು ಗುರುಸಿದ್ದಪ್ಪನವರು. ಬೆಂಕಿ ಆರಿಸುವ ಇಲಾಖೆಯಿಂದ ನಿವೃತ್ತರಾದವರು, ಮೈಸೂರಿನವರು, ಮಾತು ಕಮ್ಮಿ. "ಮುದ್ದೆ ತಿಂದ್ರೆ ನಿದ್ದೆ ಬರುತ್ತಲ್ಲಮ್ಮಾ" ಅಂತ ಮೊದಲು ಗೊಣಗಿದರು. ಆಮೇಲೆ ಅವರೇ ಎರಡು ಮುದ್ದೆ ಉಂಡು ದೋಣಿ ಹತ್ತಿದರು. ಮುದ್ದೆ ಬಿಸಿಯಾಗಿರಬೇಕಲ್ಲ, ಅದಕ್ಕೆ ಇಬ್ಬರೂ ಒಂದು ಒಪ್ಪಂದ ಮಾಡಿಕೊಂಡೆವು. ಕೊನೆಯ ದೋಣಿ ದಂಡೆಗೆ ತಿರುಗಿದಾಗ ಅವರು ಉದ್ದಕ್ಕೆ ಒಂದು ಸೀಟಿ ಊದುವುದು, ಅದು ಕೇಳಿಸಿದ ಕೂಡಲೇ ನಾನು ಎಸರಿಗೆ ಹಿಟ್ಟು ಹಾಕುವುದು.

ಈ ತರಬೇತಿಯಲ್ಲಿ ಒಂದು ಗೊಂಬೆ ಇತ್ತು. ಹಳೇ ಪ್ಯಾಂಟು ಶರ್ಟಿನೊಳಗೆ ಹುಲ್ಲು, ಮರಳು ತುಂಬಿ ಹೊಲಿದಿದ್ದರು. ಅದನ್ನು ಹೊಳೆಯಲ್ಲಿ ಎಲ್ಲಾದರೂ ಮುಳುಗಿಸಿ ಬರುವುದು, ಹುಡುಗರು ಹುಡುಕಿ ಎಳೆದು ತರುವುದು, ದಂಡೆಯಲ್ಲಿ ಮಲಗಿಸಿ ಎದೆ ಒತ್ತುವುದು. ಹೆಡತಲೆಯ ಕಿರಣ ಅಂತ ಒಬ್ಬ ತರಲೆ ಹುಡುಗನಿದ್ದ, ಡಿಗ್ರಿ ಮುಗಿಸಿ ಅಪ್ಪನ ಜೊತೆ ವ್ಯವಸಾಯ ಮಾಡುತ್ತಿದ್ದವನು. ಅವನು ಆ ಗೊಂಬೆಗೆ 'ಮಾವ' ಅಂತ ಹೆಸರಿಟ್ಟಿದ್ದ. ನಂಜನಗೂಡಿನ ಸ್ನಾನಘಟ್ಟದಲ್ಲಿ ನಿಂತ ಜನ ಮಾವನನ್ನು ನೋಡಿ ನಗುತ್ತಿದ್ದರು, ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತಿದ್ದರು.

ತಿ. ನರಸೀಪುರದ ಶಿಬಿರ ಸೋಸಲೆ ದಾಟಿ ಒಂದು ಸಣ್ಣ ಊರಿನ ಪಕ್ಕ, ಹೊಳೆ ದಂಡೆಯ ತೆಂಗಿನ ತೋಟದಲ್ಲಿ. ಅಲ್ಲಿ ಗ್ಯಾಸು ಗೀಸು ಏನೂ ಇಲ್ಲ, ಕಲ್ಲು ಹೂಡಿ ಸೌದೆ ಒಲೆ. ಕೈಸಹಾಯಕ್ಕೆ ಅದೇ ಊರಿನ ಇಬ್ಬರು ಬಂದರು. ಒಬ್ಬಳು ಪುಟ್ಟಮ್ಮ, ವಯಸ್ಸಾದವಳು, ಕೆಲಸದಲ್ಲಿ ಬಲು ಚುರುಕು. ಇನ್ನೊಬ್ಬಳು ಅವಳ ಸೊಸೆ ಮಂಜುಳ. ಅಲ್ಲಿಯ ತರಬೇತಿ ಮೊದಲೆರಡು ದಿನ ಬರೀ ಹಗ್ಗ, ಗಂಟು, ದೋಣಿ ನಡೆಸುವುದು. ಮಾವ ಚೀಲದಿಂದ ಹೊರಗೆ ಬಂದಿರಲಿಲ್ಲ.

ಕೊನೆಯ ದಿನ ಮಧ್ಯಾಹ್ನದ ಮೇಲೆ ಪರೀಕ್ಷೆ. ಸಾಹೇಬರುಗಳು ನೋಡುವುದಕ್ಕೆ ಬರುವವರಿದ್ದರು. ಪಾಸಾದವರಿಗೆ ಮಾತ್ರ ಮಳೆಗಾಲದಲ್ಲಿ ದೋಣಿ ಹತ್ತುವ ಅವಕಾಶ. ಬೆಳಿಗ್ಗೆ ಗುರುಸಿದ್ದಪ್ಪನವರು ಒಲೆ ಹತ್ತಿರ ಬಂದು ಹೇಳಿದರು: "ಗೌರಮ್ಮನೋರೇ, ಇವತ್ತು ಊಟ ಹೊತ್ತಿಗೆ ಸರಿಯಾಗಿ ಆಗ್ಲೇಬೇಕು. ಖಾಲಿ ಹೊಟ್ಟೇಲಿ ಯಾರನ್ನೂ ನೀರಿಗಿಳಿಸೋನಲ್ಲ ನಾನು. ಊಟ ತಪ್ಪಿದ್ರೆ ಪರೀಕ್ಷೆನೂ ತಪ್ಪುತ್ತೆ."

"ನೀವು ಒಳೆ ನೋಡ್ಕಳಿ ಸಾ. ಒಲೆ ನಾನ್ ನೋಡ್ಕತೀನಿ" ಅಂದೆ.

ಸಾರು ಕುದಿಯುತ್ತಿತ್ತು, ಅನ್ನಕ್ಕೆ ಅಕ್ಕಿ ಹಾಕಿಯಾಗಿತ್ತು. ಮೊಸರು ಸಾಲದು ಅನಿಸಿತು. ಉರಿ ನೋಡಿಕೊಳ್ಳಿ ಅಂತ ಅತ್ತೆ ಸೊಸೆಗೆ ಹೇಳಿ, ಗೂಡ್ಸ್ ಆಟೊ ಹತ್ತಿ ನರಸೀಪುರಕ್ಕೆ ಹೋಗಿ ಬಂದೆ.

ಬಂದು ನೋಡುತ್ತೇನೆ, ಒಲೆಯಿಂದ ಹೊಗೆ ಕೂಡ ಇಲ್ಲ. ಸೌದೆಯನ್ನೆಲ್ಲ ಹೊರಗೆಳೆದು ನೀರು ಸುರಿದಿದ್ದಾರೆ. ಪಕ್ಕದಲ್ಲಿ ಒಟ್ಟಿದ್ದ ಒಣ ಸೌದೆಯ ಬುಡಕ್ಕೆಲ್ಲ ಬೂದಿ ನೀರು ನುಗ್ಗಿದೆ. ಅರೆಬೆಂದ ಅನ್ನ ತೆಂಗಿನ ಮರದ ಪಾತಿಯಲ್ಲಿ. ಬೆಳಗಿನ ಜಾವ ಎದ್ದು ಮಾಡಿದ ನನ್ನ ಹುರುಳಿಕಾಳಿನ ಸಾರು ಅದೇ ಪಾತಿಯಲ್ಲಿ. ಪಾತ್ರೆಗಳನ್ನೆಲ್ಲ ಬೋರಲು ಹಾಕಿದ್ದಾರೆ. ಪುಟ್ಟಮ್ಮ ತಲೆ ತುಂಬ ಸೆರಗು ಹೊದ್ದು ನೆಲದ ಮೇಲೆ ಕೂತಿದ್ದಾಳೆ.

ನನಗೆ ಕೋಪ ನೆತ್ತಿಗೇರಿತು. "ಯಾರೇ ನಿಂಗೆ ಒಲೆ ಆರ್ಸು ಅಂದದ್ದು? ಅಷ್ಟು ಮಕ್ಳಿಗೆ ಏನ್ ಇಕ್ಲಿ ನಾನು?" ಅಂತ ಕೂಗಿದೆ.

ಪುಟ್ಟಮ್ಮ ತಲೆ ಎತ್ತಿದಳು. ಅತ್ತು ಕಣ್ಣು ಕೆಂಪಾಗಿತ್ತು. "ಕೂಗ್ಬ್ಯಾಡ ಕಣವ್ವ. ಉಡುಗ್ರಲ್ಲಿ ಒಬ್ಬ ಒಂಟೋದ. ಮಂಜುಳ ಕಣ್ಣಾರ ಕಂಡವ್ಳೆ. ಒಳೆಯಿಂದ ಎತ್ತಿ ಎದೆ ಒತ್ತುದ್ರಂತೆ, ಉಸ್ರು ಬರ್ನಿಲ್ವಂತೆ, ಬಿಳೀ ಬಟ್ಟೆ ಮುಚ್ಚುದ್ರಂತೆ. ಎಣ ಮನಗಿರೋ ಜಾಗ್ದಲ್ಲಿ ಒಲೆ ಉರೀಬೌದೇನವ್ವ?"

ಕೈಯಲ್ಲಿದ್ದ ಮೊಸರಿನ ಡಬ್ಬಿ ಇಟ್ಟು ದಂಡೆಗೆ ಓಡಿದೆ. ಬಿಳಿ ಬಟ್ಟೆ ಹೊದ್ದು ಸ್ಟ್ರೆಚರ್ ಮೇಲೆ ಮಲಗಿದ್ದವನು ಮಾವ. ಪರೀಕ್ಷೆಗೆ ಮುಂಚಿನ ಅಭ್ಯಾಸ ಅಂತ ಅವತ್ತು ಅವನನ್ನು ಚೀಲದಿಂದ ತೆಗೆದು, ಬದುಕದವರನ್ನು ಬಟ್ಟೆ ಹೊದಿಸಿ ಸಾಗಿಸುವುದನ್ನೂ ಕಲಿಸಿದ್ದರು. ಕಿರಣ ಅವನ ಪಕ್ಕದಲ್ಲಿ ಕೂತು ಕಾಲು ಒರೆಸಿಕೊಳ್ಳುತ್ತಿದ್ದ. ನಾನು ಅಲ್ಲೇ ಮರಳಿನ ಮೇಲೆ ಕುಕ್ಕರಿಸಿದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೊಳೆಯ ಪಕ್ಕದಲ್ಲೇ ಹುಟ್ಟಿ ಬೆಳೆದವರು ಅವರು, ನೀರಿನಿಂದ ಎತ್ತಿದ ನಿಜವಾದ ದೇಹಗಳನ್ನು ಕಂಡವರು. ಇದು ಆಟದ ಗೊಂಬೆ ಅಂತ ಅವರಿಗೆ ಹೊಳೆಯುವುದಾದರೂ ಹೇಗೆ?

ಗುರುಸಿದ್ದಪ್ಪನವರಿಗೆ ವಿಷಯ ಹೇಳಿದೆ. ಅವರು ಗಡಿಯಾರ ನೋಡಿಕೊಂಡರು. "ಮತ್ತೆ ಊಟ?" ಅಂದರು. "ಮಾಡ್ತೀನಿ ಸಾ" ಅಂದೆ. ಜಂಬದಲ್ಲಿ ಅಂದುಬಿಟ್ಟೆ. ನೆಂದ ಸೌದೆ ಉರಿಯಬೇಕು, ಕೊಳಗದಲ್ಲಿ ನೀರು ಕಾಯಬೇಕು, ಹಿಟ್ಟು ಬೇಯಬೇಕು, ಹೊಸದಾಗಿ ಸಾರು ಆಗಬೇಕು. ಅಷ್ಟರಲ್ಲಿ ಸಾಹೇಬರುಗಳು ಬಂದು ಹೊರಟೂ ಹೋಗಿರುತ್ತಾರೆ. ಹುಡುಗರು ಆಗಲೇ ತೋಟಕ್ಕೆ ಬಂದು ಸಾಲಾಗಿ ಕೂತಿದ್ದರು. ಕೆಲವರು ಬೋರಲು ಬಿದ್ದ ಪಾತ್ರೆ ನೋಡಿ ಮುಖ ಮುಖ ನೋಡಿಕೊಂಡರು. ನಾನು ಕಣ್ಣಲ್ಲಿ ನೀರು ಬರುವಂತೆ ಒಲೆ ಊದುತ್ತಿದ್ದೆ. ಬರೀ ಹೊಗೆ.

ಆಗ ಮಂಜುಳ ನನ್ನ ತೋಳು ಹಿಡಿದು ಅಲುಗಿಸಿದಳು. "ಅತ್ಲಾಗ್ ನೋಡಕ್ಕ."

ಊರಿನ ಕಡೆಯಿಂದ ಗಾಡಿ ಜಾಡಿನಲ್ಲಿ ಜನ ಬರುತ್ತಿದ್ದರು. ಹೆಂಗಸರ ತಲೆಯ ಮೇಲೆ ಮಂಕರಿ, ಸೊಂಟದಲ್ಲಿ ತಪ್ಪಲೆ. ಗಂಡಸರ ಕೈಯಲ್ಲಿ ಮಜ್ಜಿಗೆ ಕ್ಯಾನು, ಬಾಳೆ ಎಲೆ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಹೊರೆಯವರೇ ಊಟ ತಂದು ಇಕ್ಕಬೇಕು. ನಮ್ಮ ಕಡೆಯೆಲ್ಲ ಇದೇ ಪದ್ಧತಿ. ನಾನು ಮೊಸರಿಗೆ ಹೋಗಿದ್ದಾಗಲೇ ಪುಟ್ಟಮ್ಮ ಊರಿಗೆ ಸುದ್ದಿ ಕಳಿಸಿದ್ದಳು. ಊರಿನವರು ತಮ್ಮ ತಮ್ಮ ಮನೆಯಲ್ಲಿ ಮಧ್ಯಾಹ್ನಕ್ಕೆ ಮಾಡಿಕೊಂಡಿದ್ದ ಊಟವನ್ನು ಹಾಗೇ ಎತ್ತಿಕೊಂಡು ಬಂದಿದ್ದರು.

ಮುಂದೆ ಇದ್ದವರು ಊರಿನ ಯಜಮಾನರು ಮಾದಯ್ಯ. ಹೆಗಲ ಮೇಲಿನ ಟವಲು ತೆಗೆದು ಕೈಯಲ್ಲಿ ಹಿಡಿದುಕೊಂಡು ಗುರುಸಿದ್ದಪ್ಪನವರನ್ನು ಕೇಳಿದರು. "ಯಾವೂರ ಉಡುಗ ಸಾ? ಅವ್ನ ಅಪ್ಪ ಅವ್ವಂಗೆ ಏಳ್ ಕಳ್ಸುದ್ರಾ? ಈ ಮಕ್ಳು ಬೆಳಗಿಂದ ನೀರ್ನಾಗವೆ, ಅಸ್ಕಂಡಿರ್ತವೆ. ಮೊದ್ಲು ಒಂದೊಂದು ತುತ್ತು ಉಣ್ಲಿ."

ಗುರುಸಿದ್ದಪ್ಪನವರು ನನ್ನ ಕಡೆ ತಿರುಗಿ ನೋಡಿದರು. ನಾನೇ ಒಲೆ ಬಿಟ್ಟು ಎದ್ದೆ. "ಯಾರೂ ಸತ್ತಿಲ್ಲ ಯಜಮಾನ್ರೇ. ಅದು ಉಲ್ಲಿನ ಗೊಂಬೆ. ಕಲಿಯಕ್ಕೆ ಅಂತ ನೀರಿಗಾಕಿ ತೆಗೀತಾರೆ" ಅಂದೆ. ಕಿರಣ ಓಡಿಹೋಗಿ ಮಾವನನ್ನು ಹೊತ್ತು ತಂದು ಎಲ್ಲರ ಮುಂದೆ ಕೂರಿಸಿದ. ಶರ್ಟಿನ ತೋಳಿನಿಂದ ಒದ್ದೆ ಹುಲ್ಲು ಇಣುಕುತ್ತಿತ್ತು.

ಯಾರೂ ನಗಲಿಲ್ಲ. ಮಾದಯ್ಯನವರ ಮುಖ ಬಿಗಿಯಿತು. "ಒಂದ್ ಮಾತು ಊರಿಗೆ ಏಳ್ಬಾರ್ದಾಗಿತ್ತಾ? ನಮ್ ಎಣ್ಮಕ್ಳು ಬೀದೀಲಿ ಕುಂತು ಅತ್ರು ಕಣ್ ಸಾ" ಅಂದರು. ಗುರುಸಿದ್ದಪ್ಪನವರು ಕೈಮುಗಿದು, "ತಪ್ಪಾಯ್ತು ಯಜಮಾನರೇ, ಹೇಳಬೇಕಿತ್ತು" ಅಂದರು. ಮಾದಯ್ಯನವರ ಹೆಂಡತಿ ನಡುವೆ ಬಾಯಿ ಹಾಕಿದರು. "ಬುಡಿ ಅತ್ಲಾಗೆ. ಮಕ್ಳು ಬದ್ಕವೆ, ಇನ್ನೇನ್ ಬೇಕು ನಿಮ್ಗೆ? ಮುದ್ದೆ ಆರೋಯ್ತದೆ, ಇಕ್ಕುಮಾ."

ಸದ್ಯ ಬಚಾವಾದೆ ಅಂದುಕೊಂಡೆ. ಅಷ್ಟರಲ್ಲಿ ಪುಟ್ಟಮ್ಮ ಎದ್ದು ನಿಂತಳು. "ಇಕ್ಬ್ಯಾಡಿ! ಇದು ಸಾವಿಗೆ ಅಂತ ತಂದ ಊಟ. ಸಾವಿಲ್ಲದ ಕಡೆ ಇದ್ನ ಉಂಡ್ರೆ ಮಕ್ಳಿಗೆ ಒಳ್ಳೇದಲ್ಲ. ಅದೂ ಮತ್ತೆ ಒಳೆಗಿಳಿಯೋ ಮಕ್ಳು!"

ಎಲ್ಲರೂ ನಿಂತಲ್ಲೇ ನಿಂತರು. ಅವಳು ಹೇಳಿದ್ದು ಸುಳ್ಳಲ್ಲ, ನಮ್ಮ ಕಡೆ ಹಾಗೆಯೇ ನಂಬುತ್ತಾರೆ. ಸಾವಿಗೆ ಅಂತ ಹೊಸಿಲು ದಾಟಿದ ಊಟವನ್ನು ವಾಪಸ್ ಮನೆಗೂ ಒಯ್ಯುವುದಿಲ್ಲ. ಅಷ್ಟು ಊಟ ಕಣ್ಣೆದುರಿಗೆ ಇದೆ, ಉಣ್ಣುವ ಹಾಗಿಲ್ಲ, ವಾಪಸ್ ಕಳಿಸುವ ಹಾಗಿಲ್ಲ. ಹಸಿದ ಹುಡುಗರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಾರೆ. ಇದೆಲ್ಲ ಮೂಢನಂಬಿಕೆ ಅಂತ ಒಬ್ಬ ಹುಡುಗ ಬಾಯಿ ತೆರೆದ, ನಾನು ಕಣ್ಣು ಬಿಟ್ಟು ಸುಮ್ಮನಾಗಿಸಿದೆ. ತಮ್ಮ ಊಟ ತಂದು ನಿಂತವರ ಮುಂದೆ ಆಡುವ ಮಾತೇ ಅದು?

ನನಗೆ ಅಡುಗೆಯವಳ ಬುದ್ಧಿಯೇ ಕೈಹಿಡಿಯಿತು. ಪುಟ್ಟಮ್ಮನ ಮುಂದೆ ಹೋಗಿ ನಿಂತೆ.

"ಸಾವಿನ್ ಮನೇಲಿ ಸಿಹಿ ಇಕ್ತಾರಾ ಪುಟ್ಟಮ್ಮ?"

"ಎಲ್ಲಾದ್ರೂ ಉಂಟೇನವ್ವ!"

"ಎಲೆಗೆ ಮೊದ್ಲು ಬೆಲ್ಲ ಬಿದ್ರೆ ಅದು ಯಾವ್ ಊಟ?"

ಪುಟ್ಟಮ್ಮ ಯೋಚಿಸಿದಳು. ಮಾದಯ್ಯನವರ ಮುಖ ನೋಡಿದಳು. "ಬೆಲ್ಲ ಬಿದ್ರೆ... ಅದು ಒಸಗೆ ಊಟ ಕಣವ್ವ, ಶುಭದ್ದು" ಅಂದಳು. ಮಾದಯ್ಯನವರು ಟವಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡರು. "ಸರಿಯಾಗ್ ಏಳುದ್ಲು ಅಡ್ಗೆಯವ್ಳು. ಅಕ್ರಿ ಎಲೆಯ!"

ಪಾಯಸಕ್ಕೆ ಅಂತ ನಮ್ಮ ಹುಲ್ಲಹಳ್ಳಿಯಿಂದ ತಂದಿದ್ದ ಬೆಲ್ಲದ ಅಚ್ಚುಗಳನ್ನು ಒಡೆದೆ. ಪ್ರತಿ ಎಲೆಗೂ ಮೊದಲು ಬೆಲ್ಲದ ಚೂರು, ಆಮೇಲೆ ಮುದ್ದೆ. ಊರಿನವರು ಬಡಿಸುವುದಕ್ಕೆ ಮುಂದಾದರು. ನಾನು ಬಿಡಲಿಲ್ಲ. "ನಿಮ್ಮ ಊಟ ಇಲ್ಲಿಗೆ ಬಂದಮ್ಯಾಕೆ ನೀವೇನ್ ಉಣ್ತೀರಿ? ಕೂತ್ಕಳಿ ಎಲ್ರೂವೆ" ಅಂತ ಹುಡುಗರ ನಡುನಡುವೆ ಕೂರಿಸಿದೆ. ಒಂದು ಎಲೆಗೆ ಬಸ್ಸಾರು, ಪಕ್ಕದ ಎಲೆಗೆ ಉಪ್ಪೆಸರು, ಇನ್ನೊಂದಕ್ಕೆ ಒಣ ಮೀನಿನ ಸಾರು. ಯಾವ ಮನೆಯದು ಯಾರಿಗೆ ಸಿಕ್ಕಿತೋ. ನಾನು ತಂದ ಮೊಸರು ಎಲ್ಲರಿಗೂ ಆಯಿತು.

ಸಾಲಿನ ಕೊನೆಯಲ್ಲಿ ಕಿರಣ ಮುದ್ದೆ ಮುರಿದು ಕೈಯಲ್ಲಿ ಹಿಡಿದುಕೊಂಡು ಕೂತಿದ್ದ. ಬಾಯಿಗೆ ಹಾಕಿರಲಿಲ್ಲ.

"ಯಾಕೋ, ಸಾರು ಸರಿಯಿಲ್ವಾ?" ಅಂದೆ.

"ಅದಲ್ಲಕ್ಕ" ಅಂದ. "ನಾವು ಮಾವ ಅಂತ ನಗಾಡ್ಕಂಡು ಎಳೀತಿದ್ವಿ. ಇವ್ರು ನಮ್ಮಲ್ಲೊಬ್ಬ ಅನ್ಕಂಡು ಅತ್ತವ್ರೆ. ನಮ್ಮ ಎಸ್ರೂ ಗೊತ್ತಿಲ್ಲ ಇವ್ರಿಗೆ."

ಅಳು ತೋರಿಸಿಕೊಂಡರೆ ನಾನು ಗೌರಮ್ಮ ಹೇಗಾದೇನು? "ಸುಮ್ನೆ ಉಣ್ಣೋ. ಉಂಡು ಪಾಸಾಗು" ಅಂತ ಗದರಿಸಿ ಇನ್ನೊಂದು ಮುದ್ದೆ ಹಾಕಿದೆ. ಅವನ ಪಕ್ಕ ಕೂತಿದ್ದ ಮಾದಯ್ಯನವರು ಅವನ ಊರು, ಅಪ್ಪನ ಹೆಸರು ವಿಚಾರಿಸತೊಡಗಿದರು. ಆಮೇಲೆ ತಮ್ಮ ಇನ್ನೊಂದು ಪಕ್ಕದಲ್ಲಿದ್ದ ಹುಡುಗನನ್ನೂ ವಿಚಾರಿಸಿದರು.

ಪರೀಕ್ಷೆ ಹೊತ್ತಿಗೆ ಸರಿಯಾಗಿಯೇ ನಡೆಯಿತು. ಊರಿನವರು ಯಾರೂ ಮನೆಗೆ ಹೋಗಲಿಲ್ಲ, ದಂಡೆಯ ಉದ್ದಕ್ಕೂ ನಿಂತು ನೋಡಿದರು. ಸೆಳವು ಜೋರಿದ್ದ ಕಡೆ ಮಾವನನ್ನು ಮುಳುಗಿಸಿದ್ದರು. ಹುಡುಗರು ಹುಡುಕಿ ಹುಡುಕಿ ಕೊನೆಗೂ ಎಳೆದು ತಂದಾಗ ಪುಟ್ಟಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಈಗ್ಲೂ ಅಳ್ತೀಯಲ್ಲ, ಅದು ಉಲ್ಲು ಅಂತ ಗೊತ್ತಾಯ್ತಲ್ಲ" ಅಂದೆ.

"ಉಲ್ಲೇ ಆಗ್ಲಿ ಕಣವ್ವ. ನೀರ್ನಾಗೆ ಬುಟ್ಟು ಬರ್ನಿಲ್ವಲ್ಲ ಮಕ್ಳು, ಎತ್ಕ ಬಂದ್ರಲ್ಲ" ಅಂದಳು.

ಅದಾದ ಮೇಲೆ ಎಷ್ಟೋ ಕಡೆ ಅಡುಗೆ ಮಾಡಿದ್ದೇನೆ, ಹೊಗಳಿಕೆಯೂ ಸಿಕ್ಕಿದೆ. ಅವತ್ತಿನ ಎಲೆಯ ಮೇಲೆ ಬೆಲ್ಲ, ಮೊಸರು ಬಿಟ್ಟರೆ ನಾನು ಕೊಟ್ಟದ್ದು ಏನೂ ಇರಲಿಲ್ಲ. ಆದರೂ ನನ್ನ ಜೀವಮಾನದಲ್ಲಿ ಅಷ್ಟು ಹೆಮ್ಮೆಯಿಂದ ಬಡಿಸಿದ ಊಟ ಇನ್ನೊಂದಿಲ್ಲ.