ಮಾವನವರು ಕಳಿಸಿದ ಮೆಸೇಜು

"ಅಜ್ಜಾರ, ನೀವ ಒತ್ರಿ, ನನ್ನ ಕೈಲೆ ಆಗವಲ್ದು!" ಎಂದು ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಗದಗಿನ ಹುಡುಗಿ ಸುಜಾತಾ, ಮಾವನವರ ಮುಂದೆ ಮೊಬೈಲು ಹಿಡಿದಳು. ಬಿಟಿಎಂ ಲೇಔಟಿನ ನಮ್ಮ ವರಾಂಡದಲ್ಲಿ ನಾನೂ ಅತ್ತೆಯೂ ಅವರೆಕಾಯಿ ಬಿಡಿಸುತ್ತಿದ್ದೆವು. ಆಫೀಸಿನ ಹುಡುಗನಿಗೆ 'ನನ್ನನ್ನು ಮದುವೆ ಆಗ್ತೀಯಾ?' ಎಂದು ಬರೆದಿಟ್ಟು, ಕಳಿಸಲಾರದೆ ಅವಳು ಬೆಳಗಿನಿಂದ ಒದ್ದಾಡುತ್ತಿದ್ದಳಂತೆ.

"ಗೆಳತ್ಯಾರು 'ರೋಲ್ ದಿ ಡೈಸ್' ಅನ್ನಾಕತ್ತಾರ್ರಿ."

"ಹಾಗಂದ್ರೇನಮ್ಮ?" ಮಾವನವರು ಕನ್ನಡಕ ಏರಿಸಿದರು.

"ದಾಳ ಉರುಳಿಸೋದ್ರಿ. ಏನ್ ಬೀಳತೈತೋ ಗೊತ್ತಿಲ್ಲ, ಆದ್ರೂ ಧೈರ್ಯ ಮಾಡಿ ಹಾಕಿಬಿಡೋದು."

"ಓಹೋ, ಒಂದು ಕೈ ನೋಡೇಬಿಡೋಣ ಅನ್ನು!" ಎಂದವರೇ ಒತ್ತಿಬಿಟ್ಟರು.

"ಅಯ್ಯಯ್ಯೋ, ಖರೇನ ಒತ್ತಿದ್ರಿ?" ಎಂದು ಅವಳು ಕಿರುಚಿದ ರಭಸಕ್ಕೆ ನನ್ನ ಮೊರ ಮಗುಚಿ, ಕಾಳೆಲ್ಲ ಗೇಟಿನವರೆಗೂ ಉರುಳಿತು. ಅಷ್ಟರಲ್ಲಿ ಮೊಬೈಲು ಟಿಣ್ ಎಂದಿತು. ಒಂದು ಕಣ್ಣು ಮುಚ್ಚಿಕೊಂಡೇ ಅವಳು ಓದಿದಳು: 'ನಿಮ್ಮಪ್ಪ ಅಮ್ಮನ್ನ ಮಾತಾಡಿಸೋಕೆ ಯಾವತ್ತು ಬರ್ಲಿ?' ಕಾಳು ಆರಿಸುವುದು ಬಿಟ್ಟು ನಾವು ಮೂವರು ಹೆಂಗಸರೂ ಕೈ ಕೈ ಹಿಡಿದು ಕುಣಿದೆವು.

ಸಂಜೆ ಮಾವನವರು ಕಾಫಿ ಲೋಟ ಹಿಡಿದು ಅತ್ತೆಯ ಮುಂದೆ ಬಂದು ನಿಂತರು. "ನಮ್ಮ ಮದುವೇಲಿ ನಿನ್ನನ್ನ ಯಾರೂ ಕೇಳಿರಲೇ ಇಲ್ವಲ್ಲೇ. ಈಗ ಕೇಳ್ತಿದೀನಿ, ಆಗ್ತೀಯಾ?" ಅತ್ತೆ ಕೆನ್ನೆ ಕೆಂಪಗೆ ಮಾಡಿಕೊಂಡು, "ಯೋಚನೆ ಮಾಡಿ ಹೇಳ್ತೀನಿ" ಎಂದರು. ವಾರವಾಯಿತು, ಇನ್ನೂ ಹೇಳಿಲ್ಲ. ಮಾವನವರು ಮಾತ್ರ ಮನೆಯಲ್ಲೂ ದಿನಾ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡೇ ಕೂರುತ್ತಿದ್ದಾರೆ.