ಆರನೇ ಗಾಜಿನ ಲೋಟ

ನಮ್ಮ ಹೋಂಸ್ಟೇಗೆ ಬಂದಿದ್ದವರೊಬ್ಬರು ಅಜ್ಜಿಯ ಕಾಲದ ನೀಲಿ ಹೂವಿನ ಗಾಜಿನ ಲೋಟ ಒಡೆದರು. ಆರರಲ್ಲಿ ಒಂದು ಎಂದೋ ಒಡೆದುಹೋಯಿತು ಅಂತ ಅಜ್ಜಿ ಹೇಳುತ್ತಿದ್ದರು. ಈಗ ಉಳಿದದ್ದು ನಾಲ್ಕೇ. ಮೂಡಿಗೆರೆಯ ಪಾತ್ರೆ ಅಂಗಡಿಯವರು, "ಆ ಡಿಸೈನ್ ಬರೋದು ನಿಂತೇ ಎಷ್ಟೋ ವರ್ಷ ಆಯ್ತು ಮಾರಾಯ" ಅಂದರು.

ಮರುದಿನ ಆಳು ಕರೆಯಲು ಕೂಲಿಯವರ ಲೈನ್‌ಮನೆಗಳ ಕಡೆ ಹೋದರೆ, ನಮ್ಮ ತೋಟದಲ್ಲೇ ದುಡಿದು ಮುದುಕಿಯಾದ ಗಿರಿಜಕ್ಕನ ಗೋಡೆಗೂಡಿನಲ್ಲಿ ಅದೇ ಲೋಟ. ಎಲ್ಲಿ ಸಿಕ್ಕಿತು ಅಂತ ಕೇಳಿದೆ.

"ನಿಮ್ಮನೇದೇ ಅಲ್ವಾ ಅಯ್ಯ? ಹೊಸದಾಗಿ ಮದುವೆಯಾಗಿ ಬಂದಿದ್ದ ನಿಮ್ಮ ಅಮ್ಮ ಗೊತ್ತಿಲ್ಲದೆ ಇದರಲ್ಲಿ ನಂಗೆ ಕಾಫಿ ಕೊಟ್ಟುಬಿಟ್ರು. ಕುಡಿದು ತೊಳೆದಿಟ್ಟೆ. ನಿಮ್ಮ ಅಜ್ಜಿಯವ್ರು, ಇನ್ನು ಇದು ಒಳಗೆ ಬೇಡ, ನೀನೇ ತಗೊಂಡು ಹೋಗು ಅಂದ್ರು."

ಲೋಟ ಎತ್ತಿ ತಿರುಗಿಸಿ ನೋಡಿದೆ. ಅಜ್ಜಿ ಒಡೆದುಹೋಯಿತು ಅಂದಿದ್ದ ಲೋಟದ ಮೇಲೆ ಒಂದು ಗೀರೂ ಇರಲಿಲ್ಲ.