ಮುದ್ದೆ ಕಟ್ಟುವ ಕೈ

ದೊಡ್ಡಮ್ಮ ದೇವೀರಮ್ಮ ಒಲೆಯಿಂದ ಇಳಿಸಿದ ಬಿಸಿ ರಾಗಿ ಹಿಟ್ಟಿಗೆ ಬರಿಗೈ ಹಾಕುತ್ತಿದ್ದಳು. ಕೈ ಸುಡುತ್ತಿರಲಿಲ್ಲ, ಸುಡುತ್ತಿದ್ದದ್ದು ಅವಳ ಮಾತು. ಹಿರೀಸಾವೆಯ ಹೆದ್ದಾರಿ ಪಕ್ಕದ ಅವಳ ಹೋಟೆಲಿನಲ್ಲಿ ಮುದ್ದೆಯನ್ನು ಚಿವುಟಿ ಚಿವುಟಿ ನೋಡಿದ ಲಾರಿ ಡ್ರೈವರನಿಗೆ, "ತಿನ್ನಾಕ್ ಬಂದಿದ್ದೀಯೋ, ಎಣ್ಣು ನೋಡಾಕ್ ಬಂದಿದ್ದೀಯೋ?" ಎಂದಿದ್ದಳು.

ಆ ಬೆರಳುಗಳು ಊದಿ ಸೊಟ್ಟಗಾದಾಗ ಅವಳನ್ನು ಹಾಸನಕ್ಕೆ ಕರೆದೊಯ್ದೆ. ಮೂಳೆ ಕಲ್ಲಲ್ಲ, ದಿನವೂ ಒಂದಿಷ್ಟು ಕರಗಿ ಮತ್ತೆ ಕಟ್ಟಿಕೊಳ್ಳುತ್ತದೆ ಎಂದರು ಡಾಕ್ಟರು. ರೋಗದಿಂದ ಕಾಯಬೇಕಾದ ಜೀವಕೋಶಗಳೇ ದಾರಿ ತಪ್ಪಿ ಕೀಲುಗಳ ಮೇಲೆ ಬಿದ್ದು, ಮೂಳೆ ಕರಗಿಸುವ ಕೋಶಗಳನ್ನು ಕೆರಳಿಸುತ್ತಿವೆಯಂತೆ. ವಾರಕ್ಕೊಮ್ಮೆ ನುಂಗುವ ಮಾತ್ರೆ ಬರೆದು, ಗುಣ ಕಾಣಲು ಎರಡು ಮೂರು ತಿಂಗಳು ಬೇಕೆಂದರು.

"ಕಾವ್ಲಿಗೆ ಇಟ್ಟೋರೇ ಗ್ವಾಡೆ ಕೆಡವ್ತಾವ್ರೆ ಅನ್ನಿ ಸಾ. ಅವ್ರಿಗೆ ಮೂರ್ ತಿಂಗ್ಳು ನೋಟೀಸಾ?" ಎಂದಳು.

ಮುದ್ದೆ ಕಟ್ಟದೆ ಮೂರು ತಿಂಗಳು ಕೂರುವುದು ಅವಳಿಂದಾಗದ ಮಾತು. ಯಾರೋ ಕೊಣನೂರು ಸಂತೆಯಲ್ಲಿ ಮಾರುವ ಬೇರಿನ ಪುಡಿ ಹೇಳಿದರು. ಮೂರು ದಿನಕ್ಕೆ ಊತ ಇಳಿಯಿತು. ಆಸ್ಪತ್ರೆಯ ಮಾತ್ರೆ ಗೂಡು ಸೇರಿತು. ಎರಡು ವರ್ಷ, ತಿಂಗಳಿಗೊಮ್ಮೆ ಮೂರು ಬಸ್ಸು ಬದಲಿಸಿ ಪುಡಿ ತಂದವನು ನಾನೇ. ಯಾವ ಬೇರು ಎಂದರೆ ಮಾರುವವನು ದೂರದ ಗುಡ್ಡದ ಕಡೆ ಕೈ ತೋರಿಸುತ್ತಿದ್ದ. ಆ ಮಹಾನುಭಾವನ ಮಂಡಿಗೆ ಮಾತ್ರ ಆಸ್ಪತ್ರೆಯ ಬೆಲ್ಟು. ಅದನ್ನು ಪ್ರತಿ ಸಲ ನೋಡಿಯೂ ಪುಡಿ ಕಟ್ಟಿಸಿಕೊಂಡು ಬರುತ್ತಿದ್ದ ನನ್ನ ಬುದ್ಧಿಗೆ ಏನು ಹೇಳಲಿ?

ಒಂದು ಬೆಳಿಗ್ಗೆ ಹಿತ್ತಿಲ ಮೆಟ್ಟಿಲು ತಪ್ಪಿದಳು, ಅಷ್ಟೇ. ಸೊಂಟದ ಮೂಳೆ ಮುರಿಯಿತು. ಪುಡಿಯನ್ನು ಪರೀಕ್ಷೆ ಮಾಡಿಸಿದ ಡಾಕ್ಟರು, ಇದರಲ್ಲಿರುವುದು ಸ್ಟೀರಾಯ್ಡ್ ಎಂದರು. ಅದು ಕೆರಳಿದ ಕಾವಲನ್ನು ಮಲಗಿಸುತ್ತದೆ. ಲೆಕ್ಕವಿಲ್ಲದೆ ತಿಂದರೆ ಮೂಳೆ ಕಟ್ಟುವ ಕೆಲಸವನ್ನೂ ಮಲಗಿಸುತ್ತದೆ. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕೊನೆಯ ಸಲ ನೋಡಿದಾಗ ಆಸ್ಪತ್ರೆಗೆ ನಾನೇ ಕಟ್ಟಿದ ಮುದ್ದೆ ಒಯ್ದಿದ್ದೆ. ತಟ್ಟೆ ನೋಡಿದಳು.

"ಇದೇನ್ಲಾ, ಮುದ್ದೆನೋ ನಿನ್ ಮೊಕನೋ?"

ನಾನು ಪುಡಿಯ ವಿಷಯ ಎತ್ತುವಷ್ಟರಲ್ಲಿ ಅವಳೇ ತಡೆದಳು.

"ತರ್ಸಿದ್ದು ನಾನು ಕಣ್ಲಾ. ತಪ್ಪೆಲ್ಲಾ ನಿಂದೇ ಅನ್ನಾಕೆ ನೀನ್ಯಾವ್ ದೊಡ್ ಮನ್ಸ?"

ಸೊಟ್ಟ ಬೆರಳಿನಿಂದ ಮುದ್ದೆಯ ಗಂಟುಗಳನ್ನು ಒಂದೊಂದಾಗಿ ಒತ್ತಿ ನಯ ಮಾಡಿ, ಪೂರ್ತಿ ತಿಂದಳು. ಆ ಹಾಸಿಗೆಯಿಂದ ಏಳಲೇ ಇಲ್ಲ, ವಾರದೊಳಗೆ ಹೋದಳು.

ಈಗ ಹೋಟೆಲಿನಲ್ಲಿ ಮುದ್ದೆ ಕಟ್ಟುವವನು ನಾನು. ಕೈ ಒದ್ದೆ ಮಾಡಿಕೊಂಡರೂ ಸುಡುತ್ತದೆ. ಗಂಟು ಹಾಗೇ ಉಳಿಯುತ್ತದೆ. ಗಿರಾಕಿಗಳು ಒಳ್ಳೆಯವರು, ಏನೂ ಅನ್ನದೆ ತಿಂದು ಏಳುತ್ತಾರೆ.